ಮರೆಯಾದ ಗಾಳಗಾರರೊಬ್ಬರ ಬದುಕನ್ನು ದಾಖಲೆಗಳಲ್ಲಿ ಹುಡುಕುವ ಬಗೆ

ಓದುಗರಿಂದ ಪದೇ ಪದೇ ಬರುವ ಪ್ರಶ್ನೆಯೊಂದಿದೆ. ಮನೆಯ ಹಳೆಯ ಪೆಟ್ಟಿಗೆಯಲ್ಲೋ ಕಾಫಿ ತೋಟದ ಬಂಗಲೆಯ ಗೋಡೆಯ ಮೇಲೋ ಒಂದು ಫೋಟೋ ಸಿಕ್ಕಿರುತ್ತದೆ: ಎದೆಮಟ್ಟದ ಮೀನು, ಅದರ ಪಕ್ಕದಲ್ಲಿ ಟೋಪಿ ತೊಟ್ಟ ಒಬ್ಬರು, ಹಿಂದೆ ಹರಿಗೋಲಿನ ಬಳಿ ನಿಂತ ಇಬ್ಬರು. ಕೆಳಗೆ ಒಂದು ಹೆಸರು ಮತ್ತು ಒಂದು ತೂಕ ಇರಬಹುದು. ಕೆಲವೊಮ್ಮೆ ಅದೂ ಇರುವುದಿಲ್ಲ. ಇವರು ಯಾರು, ಎಲ್ಲಿಂದ ಬಂದವರು, ನಮ್ಮ ಹೊಳೆಯಲ್ಲಿ ಮೊದಲಿಗೆ ಗಾಳ ಹಾಕಿದವರು ಇವರೇ ಎಂಬ ಮಾತು ನಿಜವೇ ಎಂದು ಕೇಳುವವರಿಗಾಗಿ ಈ ಲೇಖನವನ್ನು ಬರೆದಿದ್ದೇನೆ. ಹೊಟ್ಟೆಪಾಡಿಗಾಗಿ ಅಲ್ಲದೆ ಹವ್ಯಾಸಕ್ಕಾಗಿ ಕೋಲು, ರೀಲು, ದಾರ ಹಿಡಿದು ಮೀನು ಹಿಡಿಯುವವರನ್ನು ಇಲ್ಲಿ ‘ಹವ್ಯಾಸಿ ಗಾಳಗಾರ’ ಎಂದು ಕರೆದಿದ್ದೇನೆ. ಉದಾಹರಣೆಗಳನ್ನು ಹೆಚ್ಚಾಗಿ ಕಾವೇರಿ, ಕಬಿನಿ ಮತ್ತು ದಕ್ಷಿಣ ಕನ್ನಡದ ಹೊಳೆಗಳಿಂದಲೇ ಆರಿಸಿಕೊಂಡಿದ್ದೇನೆ.

ಆರಂಭದಲ್ಲೇ ಒಂದು ಮಾತನ್ನು ಸ್ಪಷ್ಟಪಡಿಸಬೇಕು. ಹವ್ಯಾಸಕ್ಕೆ ಕಡತವಿರುವುದಿಲ್ಲ, ಉದ್ಯೋಗಕ್ಕೆ ಇರುತ್ತದೆ. ಒಬ್ಬರು ಮೂವತ್ತು ವರ್ಷ ಗಾಳ ಹಾಕಿದ್ದರೂ ಅದರ ಬಗ್ಗೆ ನಾಲ್ಕು ಸಾಲು ಉಳಿದಿದ್ದರೆ ಹೆಚ್ಚು; ಆದರೆ ಅದೇ ಮೂವತ್ತು ವರ್ಷಗಳಲ್ಲಿ ಅವರ ನೇಮಕ, ವರ್ಗಾವಣೆ, ರಜೆ, ಸಂಬಳ, ನಿವೃತ್ತಿಗಳ ಬಗ್ಗೆ ಸರ್ಕಾರವೋ ಮಿಷನ್ನೋ ತೋಟದ ಕಂಪನಿಯೋ ನೂರಾರು ಪುಟ ಬರೆದಿಟ್ಟಿರುತ್ತದೆ. ಆದ್ದರಿಂದ ಮೀನಿನ ಪುಸ್ತಕಗಳಲ್ಲಷ್ಟೇ ಹುಡುಕಿ ನಿರಾಶರಾಗಬೇಡಿ. ಮೊದಲು ಅವರ ಉದ್ಯೋಗವನ್ನು ಕಂಡುಕೊಳ್ಳಿ. ಯಾವ ವರ್ಷ ಯಾವ ಹೊಳೆಯ ದಂಡೆಯಲ್ಲಿದ್ದರು ಎಂಬುದು ಅದರಿಂದಲೇ ತಿಳಿಯುತ್ತದೆ.

ಮೊದಲು ಸಿದ್ಧಪಡಿಸಿಕೊಳ್ಳಬೇಕಾದದ್ದು

ಒಂದು ದಪ್ಪ ನೋಟ್‌ಪುಸ್ತಕ ಅಥವಾ ಕಂಪ್ಯೂಟರಿನ ಕೋಷ್ಟಕ ಸಾಕು. ಪ್ರತಿ ಸಂಗತಿಗೂ ನಾಲ್ಕು ಕಲಮುಗಳಿರಲಿ: ಸಂಗತಿ ಏನು, ಎಲ್ಲಿ ಸಿಕ್ಕಿತು, ಅದನ್ನು ಬರೆದವರು ಯಾರು ಮತ್ತು ಯಾವಾಗ, ನೀವು ನೋಡಿದ ದಿನಾಂಕ. ಘಟನೆ ನಡೆದ ಕಾಲದಲ್ಲೇ ಬರೆದದ್ದನ್ನು ‘ಸಮಕಾಲೀನ ಆಧಾರ’ ಎನ್ನುತ್ತಾರೆ. ಎಷ್ಟೋ ವರ್ಷಗಳ ನಂತರ ನೆನಪಿನಿಂದಲೋ ಇನ್ನೊಂದು ಪುಸ್ತಕದಿಂದಲೋ ಬರೆದದ್ದು ‘ನಂತರದ ಆಧಾರ’. ಕೋಷ್ಟಕದಲ್ಲಿ ಇವೆರಡನ್ನೂ ಬೇರೆ ಬೇರೆಯಾಗಿ ಗುರುತಿಸಿ. ಪತ್ರಾಗಾರಗಳಿಗೆ, ಅಂದರೆ ಹಳೆಯ ಸರ್ಕಾರಿ ಕಡತಗಳನ್ನು ಕಾಪಾಡುವ ಕಚೇರಿಗಳಿಗೆ, ಹೋಗುವಾಗ ಗುರುತಿನ ಚೀಟಿಯ ಜೊತೆಗೆ ಕಾಲೇಜು ಅಥವಾ ಸಂಘಸಂಸ್ಥೆಯೊಂದರ ಪರಿಚಯ ಪತ್ರವೂ ಇದ್ದರೆ ಅನುಕೂಲ. ನಿಯಮಗಳು ಆಗಾಗ ಬದಲಾಗುವುದರಿಂದ ಹೊರಡುವ ಮುನ್ನ ವಿಚಾರಿಸಿ.

ಹಂತ 1: ಕೈಯಲ್ಲಿರುವ ಸುಳಿವನ್ನು ಪೂರ್ತಿಯಾಗಿ ಓದಿ

ಫೋಟೋ ಇದ್ದರೆ ಚೌಕಟ್ಟಿನಿಂದ ಜೋಪಾನವಾಗಿ ತೆಗೆದು ಹಿಂಬದಿಯನ್ನು ನೋಡಿ. ಸ್ಟುಡಿಯೋದ ಮುದ್ರೆ, ಪೆನ್ಸಿಲಿನ ಬರಹ, ಅಂಟಿಸಿದ ಚೀಟಿ ಎಲ್ಲವನ್ನೂ ಇದ್ದಂತೆಯೇ ನಕಲು ಮಾಡಿಕೊಳ್ಳಿ. ಕಾಗುಣಿತ ತಪ್ಪಿದ್ದರೂ ತಿದ್ದಬೇಡಿ. ಆಮೇಲೆ ಚಿತ್ರದೊಳಗಿನ ವಸ್ತುಗಳತ್ತ ಗಮನ ಹರಿಸಿ. ರೀಲಿನ ಮೇಲೆ ತಯಾರಕರ ಹೆಸರು ಕಂಡರೆ ಕಾಲದ ಒಂದು ಮಿತಿ ದೊರೆಯುತ್ತದೆ: ಇಂಗ್ಲೆಂಡಿನ ಹಾರ್ಡಿ ಬ್ರದರ್ಸ್ ಆರಂಭವಾದದ್ದು 1872ರಲ್ಲಿ, ಆದ್ದರಿಂದ ಅವರ ರೀಲಿರುವ ಚಿತ್ರ ಅದಕ್ಕಿಂತ ಹಳೆಯದಾಗಿರಲು ಸಾಧ್ಯವಿಲ್ಲ. ನೈಲಾನ್ ದಾರ ಬಳಕೆಗೆ ಬಂದದ್ದು 1930ರ ದಶಕದ ಕೊನೆಯ ನಂತರ. ಅದಕ್ಕೂ ಮುಂಚೆ ರೇಷ್ಮೆ ಅಥವಾ ಹತ್ತಿಯ ಹೊಸೆದ ದಾರವಿರುತ್ತಿತ್ತು. ಹಿನ್ನೆಲೆಯ ಹೊಳೆಯೂ ಮಾತಾಡುತ್ತದೆ. ಕನ್ನಂಬಾಡಿ ಕಟ್ಟೆಯ ಕೆಲಸ 1911ರಲ್ಲಿ ಶುರುವಾಗಿ 1930ರ ದಶಕದ ಆರಂಭದ ಹೊತ್ತಿಗೆ ಮುಗಿಯಿತು. ಕಬಿನಿಗೆ ಬೀಚನಹಳ್ಳಿಯಲ್ಲಿ ಅಣೆಕಟ್ಟು ಬಂದದ್ದು 1970ರ ದಶಕದಲ್ಲಿ. ಇಂದು ನೀರಿನಡಿ ಇರುವ ಬಂಡೆ ಚಿತ್ರದಲ್ಲಿ ಎದ್ದು ಕಾಣುತ್ತಿದ್ದರೆ, ಆ ಚಿತ್ರ ಯಾವ ಕಾಲದ್ದೆಂದು ಊಹಿಸುವುದು ಸುಲಭವಾಗುತ್ತದೆ.

ಇಲ್ಲಿ ಬಹಳ ಮಂದಿ ಎಡವುವುದು ಊರಿನ ಹೆಸರುಗಳಲ್ಲಿ. ಹಳೆಯ ಬರಹಗಳ ಫ್ರೇಸರ್‌ಪೇಟೆ ಇಂದಿನ ಕುಶಾಲನಗರ, ಫ್ರೆಂಚ್ ರಾಕ್ಸ್ ಎಂದರೆ ಪಾಂಡವಪುರ, ಕ್ಲೋಸ್‌ಪೇಟೆ ಎಂದರೆ ರಾಮನಗರ, ಎಡತೊರೆ ಈಗ ಕೃಷ್ಣರಾಜನಗರ, ಸೆರಿಂಗಪಟಂ ಶ್ರೀರಂಗಪಟ್ಟಣವೇ. ಇಂಥ ಜೋಡಿಗಳ ಪಟ್ಟಿಯೊಂದನ್ನು ನೋಟ್‌ಪುಸ್ತಕದ ಮೊದಲ ಪುಟದಲ್ಲೇ ಬರೆದಿಟ್ಟುಕೊಳ್ಳಿ.

ಹಂತ 2: ಆ ಹೊಳೆ ಆಗ ಯಾರ ಆಡಳಿತದಲ್ಲಿತ್ತು ಎಂದು ತಿಳಿಯಿರಿ

ಕಡತ ಎಲ್ಲಿದೆ ಎಂಬುದು ಇದನ್ನೇ ಅವಲಂಬಿಸಿದೆ. ಇಂದಿನ ಕರ್ನಾಟಕದ ನಕ್ಷೆಯನ್ನು ಮುಂದಿಟ್ಟುಕೊಂಡು ಎಲ್ಲವನ್ನೂ ಬೆಂಗಳೂರಿನಲ್ಲೇ ಹುಡುಕುವವರು ತಿಂಗಳುಗಟ್ಟಲೆ ಸಮಯ ಕಳೆದುಕೊಳ್ಳುತ್ತಾರೆ. ದಕ್ಷಿಣ ಕನ್ನಡವು 1956ರವರೆಗೂ ಮದರಾಸಿಗೆ ಸೇರಿತ್ತು. ಅಲ್ಲಿನ ಜಿಲ್ಲಾಡಳಿತದಿಂದ ರೆವಿನ್ಯೂ ಬೋರ್ಡಿಗೆ ಹೋದ ಪತ್ರಗಳನ್ನು ಚೆನ್ನೈನ ಎಗ್ಮೋರಿನಲ್ಲಿರುವ ತಮಿಳುನಾಡು ಪತ್ರಾಗಾರದಲ್ಲಿ ಕೇಳಬೇಕು. ಉತ್ತರ ಕನ್ನಡವು 1862ರಲ್ಲಿ ಬೊಂಬಾಯಿ ಪ್ರಾಂತ್ಯಕ್ಕೆ ಹೋಯಿತು, ಆದ್ದರಿಂದ ಕಾಳಿ ಹೊಳೆಯ ಗಾಳಗಾರರನ್ನು ಮುಂಬೈಯ ದಾಖಲೆಗಳಲ್ಲಿ ಹುಡುಕಬೇಕಾಗುತ್ತದೆ. ಕೊಡಗು 1834ರ ನಂತರ ಬ್ರಿಟಿಷರ ನೇರ ಆಡಳಿತದ ಪ್ರತ್ಯೇಕ ಸೀಮೆ. ಮೈಸೂರಿನಲ್ಲಿ 1831ರಿಂದ 1881ರವರೆಗೆ ಬ್ರಿಟಿಷ್ ಕಮಿಷನರುಗಳ ಆಡಳಿತ, ಆಮೇಲೆ ಮತ್ತೆ ಒಡೆಯರ ಆಡಳಿತ. ಇವೆರಡೂ ಕಾಲದ ಬಹಳಷ್ಟು ಕಡತಗಳನ್ನು ಕರ್ನಾಟಕ ರಾಜ್ಯ ಪತ್ರಾಗಾರದಲ್ಲಿ ನೋಡಬಹುದು. ಆದರೆ ಬೆಂಗಳೂರಿನ ದಂಡು ಪ್ರದೇಶ ಮಾತ್ರ 1881ರ ನಂತರವೂ ಬ್ರಿಟಿಷ್ ರೆಸಿಡೆಂಟರ ಕೈಯಲ್ಲೇ ಇತ್ತು ಎಂಬುದನ್ನು ಮರೆಯಬೇಡಿ. ದೆಹಲಿಯ ರಾಷ್ಟ್ರೀಯ ಅಭಿಲೇಖಾಗಾರದ ‘ಅಭಿಲೇಖ್ ಪಟಲ್’ ಎಂಬ ಜಾಲತಾಣದಲ್ಲಿ ಮನೆಯಿಂದಲೇ ಕಡತಗಳ ಶೀರ್ಷಿಕೆಗಳನ್ನು ಹುಡುಕಬಹುದು.

ಹಂತ 3: ಉದ್ಯೋಗವನ್ನು ಕಂಡುಹಿಡಿಯಿರಿ

ಬ್ರಿಟಿಷರ ಕಾಲದಲ್ಲಿ ವರ್ಷಕ್ಕೊಮ್ಮೆ ಅಚ್ಚಾಗುತ್ತಿದ್ದ ಡೈರೆಕ್ಟರಿಗಳು ಇಲ್ಲಿ ದೊಡ್ಡ ನೆರವು. ಅಧಿಕಾರಿ, ವಕೀಲ, ಪಾದ್ರಿ, ತೋಟದ ಮಾಲೀಕ, ಎಂಜಿನಿಯರ್ ಎಲ್ಲರ ಹೆಸರನ್ನೂ ಊರಿನ ಸಮೇತ ಅವು ಕೊಡುತ್ತವೆ. ದಕ್ಷಿಣ ಭಾರತಕ್ಕೆ ಮದರಾಸಿನ ಅಸೈಲಮ್ ಪ್ರೆಸ್ ಆಲ್ಮನಾಕ್, ಇಡೀ ದೇಶಕ್ಕೆ ಥ್ಯಾಕರ್ಸ್ ಡೈರೆಕ್ಟರಿ ಉಪಯುಕ್ತ. ಸರ್ಕಾರಿ ಅಧಿಕಾರಿಯಾಗಿದ್ದರೆ ‘ಸಿವಿಲ್ ಲಿಸ್ಟ್’ ನೋಡಿ. ಯಾವ ಅಧಿಕಾರಿ ಯಾವ ಹುದ್ದೆಯಲ್ಲಿ, ಯಾವ ಸಂಬಳದಲ್ಲಿ, ಯಾವ ದಿನದಿಂದ ಇದ್ದಾರೆ ಎಂದು ತಿಳಿಸುವ ಅಚ್ಚಾದ ಪಟ್ಟಿ ಅದು. ಒಂದೇ ವರ್ಷದ ಪಟ್ಟಿ ನೋಡಿ ನಿಲ್ಲಿಸಬೇಡಿ. ಹತ್ತು ವರ್ಷಗಳ ಪಟ್ಟಿಗಳನ್ನು ಸಾಲಾಗಿ ನೋಡಿದರೆ ವರ್ಗಾವಣೆಗಳ ಸರಪಳಿ ಸಿಗುತ್ತದೆ, ಆ ಸರಪಳಿಯ ಪಕ್ಕದಲ್ಲಿ ಹೊಳೆಗಳ ಹೆಸರನ್ನು ಬರೆದರೆ ಅವರ ಗಾಳದ ಬದುಕಿನ ಅಸ್ಥಿಪಂಜರ ಕಾಣತೊಡಗುತ್ತದೆ.

ಹೆನ್ರಿ ಸಲಿವನ್ ಥಾಮಸ್ ಅವರನ್ನೇ ನೋಡಿ. ‘ದ ರಾಡ್ ಇನ್ ಇಂಡಿಯಾ’ ಎಂಬ ಅವರ ಪುಸ್ತಕ 1873ರಲ್ಲಿ ಅಚ್ಚಾದದ್ದು ಮಂಗಳೂರಿನಲ್ಲಿ. ಭಾರತದ ಹೊಳೆಗಳಲ್ಲಿ ಹವ್ಯಾಸಕ್ಕಾಗಿ ಗಾಳ ಹಾಕುವುದನ್ನು ಕ್ರಮವಾಗಿ ಕಲಿಸಿಕೊಟ್ಟ ಮೊದಲ ಪ್ರಮುಖ ಪುಸ್ತಕ ಅದು. ಆದರೂ ಮಂಗಳೂರಿನವರಲ್ಲೇ ಅವರ ಹೆಸರು ಕೇಳಿದವರು ವಿರಳ. ಅವರನ್ನು ಬರೀ ‘ಗಾಳಗಾರ ಥಾಮಸ್’ ಎಂದು ಹುಡುಕಿದರೆ ಆ ಪುಸ್ತಕವಷ್ಟೇ ಸಿಗುತ್ತದೆ. ಮದರಾಸ್ ಸಿವಿಲ್ ಸರ್ವಿಸ್‌ನ ಅಧಿಕಾರಿಯಾಗಿ, ದಕ್ಷಿಣ ಕನ್ನಡದ ಕಲೆಕ್ಟರಾಗಿ ಹುಡುಕಿದಾಗ ಮಾತ್ರ 1870ರಲ್ಲಿ ಆ ಜಿಲ್ಲೆಯ ಮೀನು ಕೃಷಿಯ ಬಗ್ಗೆ ಅವರು ಬರೆದ ವರದಿ ಎದುರಾಗುತ್ತದೆ. ಹೊಳೆಗೆ ವಿಷ ಹಾಕಿ ಮೀನು ಹಿಡಿಯುವುದು, ಸಣ್ಣ ಮರಿಯೂ ನುಸುಳಲಾರದ ಬುಟ್ಟಿಬಲೆಗಳನ್ನು ಒಡ್ಡುವುದು ಮುಂತಾದ ಪದ್ಧತಿಗಳಿಂದ ಮೀನಿನ ಸಂತತಿಯೇ ಕುಗ್ಗುತ್ತದೆ ಎಂಬ ಅವರ ಆತಂಕದ ಹಿನ್ನೆಲೆ ಆಗ ಅರ್ಥವಾಗುತ್ತದೆ. ಮುಂದೆ 1897ರಲ್ಲಿ ಸ್ಫೋಟಕ ಮತ್ತು ವಿಷ ಬಳಸಿ ಮೀನು ಹಿಡಿಯುವುದನ್ನು ನಿಷೇಧಿಸುವ ಭಾರತೀಯ ಮೀನುಗಾರಿಕೆ ಕಾಯಿದೆ ಬಂತು. ಅವರ ಗಾಳವನ್ನೂ ಕಲೆಕ್ಟರಗಿರಿಯನ್ನೂ ಬಿಡಿಸಿ ನೋಡಲು ಸಾಧ್ಯವೇ ಇಲ್ಲ ಎಂಬುದು ನನ್ನ ಅಭಿಪ್ರಾಯ.

ಸರ್ಕಾರಿ ಅಧಿಕಾರಿಯಲ್ಲದವರಿಗೆ ಬೇರೆ ದಾರಿಗಳಿವೆ. ಬಾಸೆಲ್ ಮಿಷನ್ನಿನವರಾಗಿದ್ದರೆ ಮಂಗಳೂರಿನ ಕರ್ನಾಟಕ ಥಿಯಾಲಾಜಿಕಲ್ ಕಾಲೇಜಿನ ಸಂಗ್ರಹ ಮತ್ತು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದಲ್ಲಿರುವ ಮಿಷನ್ ಪತ್ರಾಗಾರ. ಕಾಫಿ ಬೆಳೆಗಾರರಾಗಿದ್ದರೆ 1893ರಲ್ಲಿ ಸ್ಥಾಪನೆಯಾದ ಉಪಾಸಿ ಎಂಬ ಬೆಳೆಗಾರರ ಒಕ್ಕೂಟದ ನಡವಳಿಗಳು. ಶಿವನಸಮುದ್ರದ ವಿದ್ಯುದಾಗಾರ ಅಥವಾ ಕೋಲಾರದ ಚಿನ್ನದ ಗಣಿಯ ಎಂಜಿನಿಯರಾಗಿದ್ದರೆ ಆಯಾ ಇಲಾಖೆ ಮತ್ತು ಕಂಪನಿಗಳ ವಾರ್ಷಿಕ ವರದಿಗಳು.

ಹಂತ 4: ಅವರು ಬರೆದದ್ದನ್ನೂ ಅವರ ಬಗ್ಗೆ ಬರೆದದ್ದನ್ನೂ ಕಲೆಹಾಕಿ

ಉದ್ಯೋಗ ಮತ್ತು ಕಾಲ ತಿಳಿದ ಮೇಲೆ ಪತ್ರಿಕೆಗಳತ್ತ ತಿರುಗಿ. ಬಾಂಬೆ ನ್ಯಾಚುರಲ್ ಹಿಸ್ಟರಿ ಸೊಸೈಟಿಯ ನಿಯತಕಾಲಿಕ 1886ರಿಂದ ಪ್ರಕಟವಾಗುತ್ತಿದೆ. ಅದರ ಕೊನೆಯ ಪುಟಗಳ ಕಿರುಟಿಪ್ಪಣಿಗಳಲ್ಲಿ ಬೇಟೆಗಾರರೂ ಗಾಳಗಾರರೂ ತಾವು ಕಂಡದ್ದನ್ನು ಬರೆದು ಕಳಿಸುತ್ತಿದ್ದರು. ಮುಖ್ಯ ಲೇಖನಗಳ ಪರಿವಿಡಿಯನ್ನಷ್ಟೇ ನೋಡಿದರೆ ಈ ಟಿಪ್ಪಣಿಗಳು ತಪ್ಪಿಹೋಗುತ್ತವೆ. ಲಂಡನ್ನಿನ ‘ದ ಫೀಲ್ಡ್’ ಮತ್ತು ‘ಫಿಶಿಂಗ್ ಗೆಜೆಟ್’, ಕಲ್ಕತ್ತದ ‘ದ ಏಷಿಯನ್’, ಮದರಾಸಿನ ‘ಮದ್ರಾಸ್ ಮೇಲ್’ ಪತ್ರಿಕೆಗಳಲ್ಲಿ ಓದುಗರ ಪತ್ರಗಳಿರುತ್ತವೆ. ಅನೇಕರು ಸ್ವಂತ ಹೆಸರು ಹಾಕದೆ ಅಂಕಿತನಾಮದಲ್ಲಿ ಬರೆಯುತ್ತಿದ್ದರು. ಪತ್ರದಲ್ಲಿ ಹೇಳಿರುವ ಊರು ಮತ್ತು ತಿಂಗಳನ್ನು ನಿಮ್ಮ ವರ್ಗಾವಣೆಯ ಸರಪಳಿಯೊಂದಿಗೆ ಹೊಂದಿಸಿ ನೋಡಿದರೆ ಕೆಲವೊಮ್ಮೆ ಗುರುತು ಹತ್ತುತ್ತದೆ. ಹೊಂದಿಕೊಂಡರೂ ಅದನ್ನು ‘ಬಹುಶಃ’ ಎಂದೇ ಬರೆದುಕೊಳ್ಳಿ.

ಇಂಟರ್ನೆಟ್ ಆರ್ಕೈವ್, ಬಯೋಡೈವರ್ಸಿಟಿ ಹೆರಿಟೇಜ್ ಲೈಬ್ರರಿ ಮುಂತಾದ ಉಚಿತ ಡಿಜಿಟಲ್ ಗ್ರಂಥಾಲಯಗಳಲ್ಲಿ ಹುಡುಕುವಾಗ ಮಹಶೀರ್ ಎಂಬ, ಹೊಳೆಯ ಗಾಳಗಾರರು ಅರಸುತ್ತಿದ್ದ ಭಾರೀ ಸಿಹಿನೀರಿನ ಮೀನಿನ ಹೆಸರಿನ ಕಾಗುಣಿತ ಕಾಡುತ್ತದೆ. ಮಹಶೀರ್, ಮಹಾಸೀರ್, ಮಾಸೀರ್ ಎಂಬ ಉಚ್ಚಾರಗಳಿಗೆ ತಕ್ಕಂತೆ ಇಂಗ್ಲಿಷಿನಲ್ಲಿ ಅದನ್ನು ಹಲವು ಬಗೆಯಲ್ಲಿ ಬರೆದಿದ್ದಾರೆ, ಎಲ್ಲವನ್ನೂ ಪ್ರಯತ್ನಿಸಿ. ಪುಟದ ಚಿತ್ರವನ್ನು ಯಂತ್ರವೇ ಅಕ್ಷರವಾಗಿ ಓದಿರುವುದರಿಂದ ಸಾಲಿನ ಕೊನೆಯಲ್ಲಿ ಒಡೆದ ಪದಗಳು ಹುಡುಕಾಟಕ್ಕೆ ಸಿಗುವುದಿಲ್ಲ. ಮುಖ್ಯವಾದ ಸಂಪುಟವನ್ನು ಪುಟ ಪುಟವಾಗಿ ತಿರುವಿಹಾಕುವುದಕ್ಕೆ ಸಾಟಿಯಾದದ್ದು ಇಲ್ಲ.

ಇನ್ನೊಂದು ತಪ್ಪು ಪುಸ್ತಕದ ಆವೃತ್ತಿಗಳದ್ದು. ಥಾಮಸ್ ಅವರ ಪುಸ್ತಕದ ಎರಡನೆಯ ಆವೃತ್ತಿ 1881ರಲ್ಲೂ ಮೂರನೆಯದು 1897ರಲ್ಲೂ ಲಂಡನ್ನಿನಿಂದ ಬಂದವು, ಪಠ್ಯ ಬದಲಾಗುತ್ತಾ ಬೆಳೆಯುತ್ತಾ ಹೋಯಿತು. ಸುಲಭವಾಗಿ ಸಿಗುವುದು ಕೊನೆಯ ಆವೃತ್ತಿ. ಅದರಲ್ಲಿನ ಮಾತನ್ನು ಎತ್ತಿ, ಮಂಗಳೂರಿನಲ್ಲಿದ್ದಾಗಲೇ ಅವರು ಹೀಗೆ ಹೇಳಿದ್ದರು ಎಂದು ಬರೆಯುವವರಿದ್ದಾರೆ. ಕಾಲು ಶತಮಾನದ ಅನುಭವ ಆ ನಡುವೆ ಸೇರಿಕೊಂಡಿದೆ ಎಂಬುದನ್ನು ಅವರು ಗಮನಿಸುವುದಿಲ್ಲ.

ಸಾಕ್ಷಿಗೆ ಸಾಕ್ಷಿ ಬೇಕೆನಿಸಿದಾಗ ಫ್ರಾನ್ಸಿಸ್ ಡೇ ಅವರ ಬರಹಗಳನ್ನು ತೆರೆಯಿರಿ. ವೈದ್ಯರಾಗಿದ್ದು ಭಾರತದ ಮೀನುಗಳ ಅಧ್ಯಯನಕ್ಕೆ ತಮ್ಮನ್ನು ತೆತ್ತುಕೊಂಡ ಡೇ, ಸಿಹಿನೀರಿನ ಮೀನುಗಾರಿಕೆಯ ಬಗ್ಗೆ 1873ರಲ್ಲಿ ಕೊಟ್ಟ ವರದಿಯಲ್ಲಿ ಜಿಲ್ಲೆಗಳ ಅಧಿಕಾರಿಗಳಿಂದಲೂ ತಹಶೀಲ್ದಾರರಿಂದಲೂ ಬಂದ ಉತ್ತರಗಳನ್ನು ಸೇರಿಸಿದ್ದಾರೆ. ಬಲೆ, ಬುಟ್ಟಿ, ಕಟ್ಟೆ, ಮಾರುಕಟ್ಟೆಗಳ ಬಗ್ಗೆ ಈ ಉತ್ತರಗಳು ಕೊಡುವ ವಿವರ ಗಾಳಗಾರರ ಬರಹದಲ್ಲಿ ಸಿಗುವುದಿಲ್ಲ. ನನಗಂತೂ ಆ ಕಾಲದ ಹೊಳೆಯ ಬದುಕನ್ನು ಅರಿಯಲು ಅದರಷ್ಟು ನೆರವಾದ ಸರ್ಕಾರಿ ವರದಿ ಇನ್ನೊಂದಿಲ್ಲ.

ಹಂತ 5: ಹುಟ್ಟು, ಮದುವೆ, ಸಾವು

ಬ್ರಿಟಿಷ್ ಮೂಲದವರಾಗಿದ್ದರೆ ಲಂಡನ್ನಿನ ಬ್ರಿಟಿಷ್ ಲೈಬ್ರರಿಯಲ್ಲಿರುವ ಇಂಡಿಯಾ ಆಫೀಸ್ ದಾಖಲೆಗಳ ‘ಎನ್’ ಸರಣಿಯನ್ನು ನೋಡಬೇಕು. ಚರ್ಚುಗಳಿಂದ ಬಂದ ದೀಕ್ಷಾಸ್ನಾನ, ಮದುವೆ, ಸಮಾಧಿಗಳ ವಿವರ ಅದರಲ್ಲಿದೆ. ಮದರಾಸು ಪ್ರಾಂತ್ಯದ್ದು ಅದರ ಎರಡನೆಯ ಭಾಗ, ಬೆಂಗಳೂರಿನ ಚರ್ಚುಗಳ ವಿವರವನ್ನೂ ಅಲ್ಲೇ ಹುಡುಕಿ. ಫ್ಯಾಮಿಲೀಸ್ ಇನ್ ಬ್ರಿಟಿಷ್ ಇಂಡಿಯಾ ಸೊಸೈಟಿಯ ಉಚಿತ ಹೆಸರುಪಟ್ಟಿ ಮೊದಲ ಹುಡುಕಾಟಕ್ಕೆ ಸಾಕಾಗುತ್ತದೆ. ಇಂಗ್ಲೆಂಡಿಗೆ ಮರಳಿ ತೀರಿಕೊಂಡವರಿಗೆ 1858ರ ನಂತರದ ‘ಪ್ರೊಬೇಟ್’ ಪಟ್ಟಿಗಳಿವೆ. ಉಯಿಲನ್ನು ನ್ಯಾಯಾಲಯ ಒಪ್ಪಿದ್ದಕ್ಕೆ ಪ್ರೊಬೇಟ್ ಎನ್ನುತ್ತಾರೆ. ಉಯಿಲಿನಲ್ಲಿ ಕೋಲು, ರೀಲು, ದಿನಚರಿ ಯಾರಿಗೆ ಹೋಯಿತು ಎಂಬುದೂ ಕೆಲವೊಮ್ಮೆ ತಿಳಿಯುತ್ತದೆ.

ಒಂದೇ ಮನೆತನದ ಹೆಸರಿನಿಂದ ಆಗುವ ಗೊಂದಲವನ್ನು ಬಹಳ ಎಚ್ಚರದಿಂದ ಬಿಡಿಸಬೇಕು. 1919ರಲ್ಲಿ ಕಾವೇರಿಯಲ್ಲಿ 119 ಪೌಂಡಿನ ಮಹಶೀರ್ ಹಿಡಿದವರು ರಿವೆಟ್-ಕಾರ್ನಾಕ್ ಎಂಬ ಮನೆತನದವರು. ಅದೇ ಮನೆತನದ ಒಬ್ಬರು 1839ರಿಂದ 1841ರವರೆಗೆ ಬೊಂಬಾಯಿಯ ಗವರ್ನರ್ ಆಗಿದ್ದರು, ಇನ್ನೊಬ್ಬರು ಪ್ರಾಚ್ಯವಸ್ತುಗಳ ಅಧ್ಯಯನಕ್ಕೆ ಹೆಸರಾದ ಸಿವಿಲ್ ಅಧಿಕಾರಿ. ಮನೆತನದ ಹೆಸರೊಂದನ್ನೇ ನಂಬಿದರೆ ಮೂವರ ಬದುಕು ಒಬ್ಬರದಾಗಿಬಿಡುತ್ತದೆ. ಮೊದಲಕ್ಷರ, ಹುದ್ದೆ, ವರ್ಷ ಈ ಮೂರರಲ್ಲಿ ಕನಿಷ್ಠ ಎರಡು ಹೊಂದದೆ ಯಾವ ದಾಖಲೆಯನ್ನೂ ನಿಮ್ಮ ಗಾಳಗಾರರದೆಂದು ಒಪ್ಪಬೇಡಿ. ಮೈಸೂರಿನ ವ್ಯಾನ್ ಇಂಗೆನ್ ಕುಟುಂಬದಲ್ಲೂ ಇದೇ ಎಚ್ಚರ ಬೇಕು. ಸತ್ತ ಪ್ರಾಣಿಗಳ ಚರ್ಮವನ್ನು ಹದಮಾಡಿ ಜೀವಂತವಿದ್ದಂತೆ ನಿಲ್ಲಿಸುವ ಕಲೆಗೆ, ಅಂದರೆ ಟ್ಯಾಕ್ಸಿಡರ್ಮಿಗೆ, ಲೋಕಪ್ರಸಿದ್ಧವಾದ ಆ ಮನೆಯ ಸಹೋದರರ ಹೆಸರುಗಳು ಬೋಯರ್ ಯುದ್ಧದ ಸೇನಾನಿಗಳವು: ಡಿ ವೆಟ್, ಬೋಥಾ, ಜೋಬರ್ಟ್. 1946ರಲ್ಲಿ ಕಬಿನಿಯಲ್ಲಿ 120 ಪೌಂಡಿನ ಮಹಶೀರ್ ಹಿಡಿದವರು ಡಿ ವೆಟ್. ಅಂಗಡಿಯ ಹೆಸರಿನಡಿ ಅಚ್ಚಾದದ್ದನ್ನೆಲ್ಲ ಒಬ್ಬರಿಗೇ ಆರೋಪಿಸಬಾರದು.

ಹಂತ 6: ಮೀನನ್ನೂ ವಿಚಾರಣೆಗೆ ಒಳಪಡಿಸಿ

ತೂಕ ಹೇಳುವಾಗ ಮಾನ ಯಾವುದೆಂದು ಕೇಳಿ. ಒಂದು ಪೌಂಡ್ ಎಂದರೆ ಸುಮಾರು 454 ಗ್ರಾಂ, ಹಾಗಾಗಿ 120 ಪೌಂಡ್ ಎಂದರೆ ಸುಮಾರು 54 ಕಿಲೋ. ಆದರೆ ‘ಮಣ’ ಎಂದು ಬರೆದಿದ್ದರೆ ಜೋಕೆ: ಮದರಾಸಿನ ಮಣ ಸುಮಾರು 25 ಪೌಂಡ್, ಬೊಂಬಾಯಿಯದು 28, ಬಂಗಾಳದ್ದು 82ಕ್ಕೂ ಸ್ವಲ್ಪ ಹೆಚ್ಚು. ಎರಡು ಮಣದ ಮೀನು ಒಂದು ಲೆಕ್ಕದಲ್ಲಿ 23 ಕಿಲೋ, ಇನ್ನೊಂದರಲ್ಲಿ 75 ಕಿಲೋ ಆಗುತ್ತದೆ. ಉದ್ದ ಮತ್ತು ಸುತ್ತಳತೆ ಇಂಚಿನಲ್ಲಿ ಸಿಕ್ಕಿದ್ದರೆ ಗಾಳಗಾರರ ಹಳೆಯ ಸೂತ್ರವೊಂದಿದೆ: ಸುತ್ತಳತೆಯನ್ನು ಅದರಿಂದಲೇ ಗುಣಿಸಿ, ಉದ್ದದಿಂದ ಗುಣಿಸಿ, 800ರಿಂದ ಭಾಗಿಸಿದರೆ ಪೌಂಡಿನಲ್ಲಿ ಅಂದಾಜು ತೂಕ ಬರುತ್ತದೆ. 60 ಇಂಚು ಉದ್ದ, 40 ಇಂಚು ಸುತ್ತಳತೆಯ ಮೀನಿಗೆ 120 ಪೌಂಡ್. ಅಂದಾಜಿಗೂ ಬರೆದಿರುವ ತೂಕಕ್ಕೂ ಬಹಳ ಅಂತರವಿದ್ದರೆ ಎರಡನ್ನೂ ಬರೆಯಿರಿ, ತೀರ್ಪು ಕೊಡಬೇಡಿ.

ಜಾತಿಯನ್ನು ಗುರುತಿಸುವುದು ಇನ್ನೂ ಸೂಕ್ಷ್ಮ. ಹಳೆಯ ಬರಹಗಳಲ್ಲಿ ಎಲ್ಲ ಮಹಶೀರುಗಳೂ ಒಂದೇ ಹೆಸರಿನಡಿ ಬರುತ್ತವೆ. ಕಾವೇರಿಯ ಆ ಭಾರೀ ಮೀನು ಬೆನ್ನಿನ ಮೇಲೆ ಡುಬ್ಬವಿರುವ, ಈ ನದೀಕೊಳ್ಳದ್ದೇ ಆದ ಜಾತಿ. ಅದು ‘ಟಾರ್ ರಮಾದೇವಿ’ ಎಂಬ ಹೆಸರಿಗೆ ಸೇರಿದ್ದೆಂದು ಸಂಶೋಧಕರು ಗುರುತಿಸಿದ್ದು 2018ರಲ್ಲಿ. ಈಗ ಅದು ಅಳಿವಿನ ತೀರಾ ಅಂಚಿನಲ್ಲಿದೆ. ನೀಲಿ ರೆಕ್ಕೆಯ ಇನ್ನೊಂದು ಮಹಶೀರನ್ನು ಕಾವೇರಿಗೆ ಹೊರಗಿನಿಂದ ತಂದು ಬಿಟ್ಟದ್ದು ಇತ್ತೀಚಿನ ದಶಕಗಳಲ್ಲಿ. ಆದ್ದರಿಂದ 1919ರ ಫೋಟೋದ ಮೀನಿನ ಬೆನ್ನಿನ ಆಕಾರ ಸ್ಪಷ್ಟವಾಗಿ ಕಂಡರೆ ಮೀನಿನ ವಿಜ್ಞಾನಿಗಳಿಗೆ ಅದು ಅಮೂಲ್ಯ ಪುರಾವೆ. ಹಳೆಯ ಫೋಟೋಗಳನ್ನು ದಯವಿಟ್ಟು ಎಸೆಯಬೇಡಿ, ಒಳ್ಳೆಯ ಸ್ಪಷ್ಟತೆಯಲ್ಲಿ ಸ್ಕ್ಯಾನ್ ಮಾಡಿಸಿಡಿ.

ಹಂತ 7: ಹೊಳೆಯ ದಂಡೆಗೆ ಹೋಗಿ

ದಾಖಲೆಗಳಲ್ಲಿ ಒಬ್ಬರ ಹೆಸರಿರುತ್ತದೆ, ಆದರೆ ಮೀನನ್ನು ದಡಕ್ಕೆ ತಂದವರು ಮೂವರು. ಯಾವ ಮಡುವಿನಲ್ಲಿ ಮೀನು ನಿಲ್ಲುತ್ತದೆ, ಯಾವ ತಿಂಗಳು ನೀರು ತಿಳಿಯಾಗುತ್ತದೆ ಎಂದು ತೋರಿಸಿದವರು, ಹರಿಗೋಲು ಹಾಕಿದವರು, ಗಾಳಕ್ಕೆ ರಾಗಿ ಮುದ್ದೆ ಕಟ್ಟಿಕೊಟ್ಟವರು ಊರಿನವರೇ. ಕೊಳ್ಳೇಗಾಲದಿಂದ ಮೇಕೆದಾಟುವರೆಗಿನ ಕಾವೇರಿಯ ದಂಡೆಯ ಊರುಗಳಲ್ಲಿ, 1970ರ ದಶಕದಿಂದ ಮತ್ತೆ ಹೆಸರಾದ ಗಾಳದ ಶಿಬಿರಗಳಲ್ಲಿ ದುಡಿದ ಹಿರಿಯರು ಈಗಲೂ ಇದ್ದಾರೆ. ಅವರ ಅಜ್ಜಂದಿರ ಕಾಲದ ಮಾತುಗಳನ್ನು ಅವರಿಂದ ಕೇಳಬಹುದು.

ಮಾತಾಡಿಸುವಾಗ ತೂಕ, ದಾಖಲೆ ಎಂದು ಆರಂಭಿಸಬೇಡಿ. ಮಡುಗಳ ಹೆಸರನ್ನು ಕೇಳಿ. ಎಷ್ಟೋ ಮಡುಗಳಿಗೆ ಯಾರದೋ ಹೆಸರು ಅಂಟಿಕೊಂಡಿರುತ್ತದೆ, ಆ ಹೆಸರೇ ನಿಮಗೆ ಬೇಕಾದ ದಾರಿಯಾಗಬಹುದು. ಧ್ವನಿಮುದ್ರಣಕ್ಕೆ ಮೊದಲೇ ಒಪ್ಪಿಗೆ ಪಡೆಯಿರಿ, ಮುದ್ರಿಸಿದ್ದರ ಒಂದು ಪ್ರತಿಯನ್ನು ಅವರ ಮನೆಗೂ ಕೊಡಿ. ನೆನಪು ಹೇಳಿದ ವರ್ಷವನ್ನು ಹಾಗೆಯೇ ಒಪ್ಪದೆ, ‘ಕಟ್ಟೆ ಕಟ್ಟುವ ಮುಂಚೆಯೋ ಆಮೇಲೋ’ ಎಂಬಂಥ ಪ್ರಶ್ನೆಗಳಿಂದ ಕಾಲವನ್ನು ಖಚಿತಪಡಿಸಿಕೊಳ್ಳಿ. ಭೀಮೇಶ್ವರಿ, ಮುತ್ತತ್ತಿಯ ಸುತ್ತಲಿನ ಪ್ರದೇಶ 1987ರಿಂದ ಕಾವೇರಿ ವನ್ಯಜೀವಿಧಾಮಕ್ಕೆ ಸೇರಿದೆ. ಅಲ್ಲಿ ಹೊಳೆಯುದ್ದಕ್ಕೂ ನಡೆಯಬೇಕಾದರೆ ಅರಣ್ಯ ಇಲಾಖೆಯ ಅನುಮತಿ ಬೇಕು, ಸಂಶೋಧನೆಯ ನೆಪದಲ್ಲಿ ಗಾಳ ಒಯ್ಯಬಾರದು.

ಹಂತ 8: ಬರೆದಿಡುವುದು

ಎಲ್ಲವೂ ಸಿಕ್ಕ ಮೇಲೆ ಬರೆಯುತ್ತೇನೆಂದು ಕಾಯಬೇಡಿ. ವರ್ಷಾನುಕ್ರಮದಲ್ಲಿ ಎರಡು ಪುಟ ಬರೆದು, ಗೊತ್ತಿಲ್ಲದ ವರ್ಷಗಳನ್ನು ಖಾಲಿ ಬಿಡಿ. ‘ಮೊದಲಿಗರು’ ಎಂಬ ಮಾತನ್ನು ಸುಲಭವಾಗಿ ಬಳಸಬೇಡಿ. ‘ಬರೆದಿಟ್ಟವರಲ್ಲಿ ಮೊದಲಿಗರು’ ಎಂದರೆ ನಿಜಕ್ಕೆ ಹತ್ತಿರ, ಏಕೆಂದರೆ ಅವರಿಗಿಂತ ಎಷ್ಟೋ ತಲೆಮಾರು ಮುಂಚಿನಿಂದ ನಮ್ಮ ಬೆಸ್ತರು ಇದೇ ಮೀನಿಗೆ ಗಾಳ ಹಾಕುತ್ತಿದ್ದರು. ಹಳೆಯ ಚಿತ್ರಗಳನ್ನು ಮುದ್ರಿಸುವಾಗ ಹಕ್ಕುಸ್ವಾಮ್ಯ ನೋಡಿ: ಭಾರತದಲ್ಲಿ ಬರಹಕ್ಕೆ ಲೇಖಕರು ತೀರಿಕೊಂಡ ನಂತರ 60 ವರ್ಷ, ಫೋಟೋಗೆ ಪ್ರಕಟವಾದ ನಂತರ 60 ವರ್ಷ.

ಚಿತ್ರದ ಅಡಿಬರಹವನ್ನು ಎಡದಿಂದ ಬಲಕ್ಕೆ ಪೂರ್ತಿಯಾಗಿ ಬರೆಯಿರಿ. ಗಾಳಗಾರರ ಹೆಸರು, ಹುದ್ದೆ, ಹೊಳೆ, ವರ್ಷ. ಆಮೇಲೆ ಹರಿಗೋಲಿನ ಬಳಿ ನಿಂತ ಇಬ್ಬರು. ಅವರ ಹೆಸರು ಸಿಕ್ಕಿಲ್ಲವಾದರೆ ‘ಹರಿಗೋಲಿನವರು, ಹೆಸರು ತಿಳಿದುಬಂದಿಲ್ಲ’ ಎಂದು ಸ್ಪಷ್ಟವಾಗಿ ಅಚ್ಚುಮಾಡಿ, ಆ ಚಿತ್ರದ ಒಂದೊಂದು ಪ್ರತಿಯನ್ನು ದಂಡೆಯ ಊರುಗಳಿಗೆ ಕಳುಹಿಸಿ.